ಕೆರೆಯ ಕಳೆಯೂ ಕೆರೆಯ ನೀರೂ



ಈ ಹೊತ್ತು ಕೆರೆಯ ಕಳೆಯ ವಿಚಾರವಾಗಿ ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ. ಹೊಲದ ಕಳೆಯ ಮಾತಾದರೆ ನಾನು ನಿಮಗೆ ಹೇಳಿಕೊಡುವಂಥದ್ದು ಹೆಚ್ಚೇನೂ ಇಲ್ಲ. ಕುಂಟೆ ಹೊಡೆಯುವ ಹದ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಕೆರೆಯ ಕಳೆ ಬೇರೆ ತೆರ. ಹೊಲದ ಕಳೆಗೆ ಹೊಲದ ಒಡೆಯ ಉಂಟು. ಕೆರೆಯ ಕಳೆಗೆ ಒಡೆಯ ಯಾರು? ಅದನ್ನು ಕೀಳುವವರು ಯಾರು ಎಂಬುದರಿಂದಲೇ ಜಗಳ ಮೊದಲಾಗುತ್ತದೆ.

ಹೋದ ವರ್ಷ ಶಿವರಾತ್ರಿ ಕಳೆದ ವಾರ ಕೋಲಾರದ ಕಡೆಯ ಒಂದು ಊರಿನವರು ನನ್ನನ್ನು ಕರೆಸಿದರು. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅವರು ಮತ್ತೆ ನನ್ನನ್ನು ಊರೊಳಕ್ಕೆ ಬಿಡರು. ಕೆರೆ ದೊಡ್ಡದಲ್ಲ, ನೀರು ನಿಲ್ಲುವ ಜಾಗ ಹದಿನಾಲ್ಕು ಎಕರೆ. ಏರಿಯ ಮೇಲೆ ನಿಂತು ನೋಡಿದರೆ ಹಿನ್ನೀರಿನ ಕಡೆ ಮೂರು ಎಕರೆಯಷ್ಟು ನೀರೇ ಕಾಣದು. ಹಸಿರು ಹಾಸು, ಅದರ ಮೇಲೆ ನೀಲಿ ನೇರಳೆ ಬಣ್ಣದ ಹೂವು. ಯಾರೋ ದಾರಿಹೋಕರು ಬೈಕು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಿದ್ದರು. ನಿಜ, ನೋಡಲಿಕ್ಕೆ ಚೆನ್ನಾಗಿಯೇ ಇತ್ತು.

ಅರಳಿಕಟ್ಟೆಯ ಮೇಲೆ ಐದು ಲೀಟರಿನ ಒಂದು ಡಬ್ಬ ಇಟ್ಟಿದ್ದರು. ಕಳೆನಾಶಕ. ಸುತ್ತ ಜನ.

“ಸ್ವಾಮಿ, ಔಷಧಿ ತಂದಾಗದೆ. ಒಂದು ಟ್ಯಾಂಕಿಗೆ ಎಷ್ಟು ಬೆರೆಸ್ಬೇಕು, ಅಷ್ಟು ಹೇಳ್ಬುಡಿ ಸಾಕು,” ಎಂದರು ಅಚ್ಚುಕಟ್ಟಿನ ಯಜಮಾನರೊಬ್ಬರು. ಅವರ ಕಷ್ಟ ಸುಳ್ಳಲ್ಲ. ಕಳೆ ತೇಲಿಬಂದು ತೂಬಿಗೆ ಅಡ್ಡ ಬಿದ್ದು, ಗದ್ದೆಗೆ ನೀರು ಬಿಡುವ ದಿನ ನೀರುಗಂಟಿ ಎದೆಮಟ್ಟದ ನೀರಿಗೆ ಇಳಿಯಬೇಕಾಗಿತ್ತು.

ಮೀನಿನ ಗುತ್ತಿಗೆ ಹಿಡಿದವನು ಎದ್ದು ನಿಂತ. “ಕಾಟ್ಲಾ, ರೋಹು ಮರಿ ಬಿಟ್ಟು ಐದು ತಿಂಗಳಾಯ್ತು. ನೀವು ಔಷಧಿ ಹೊಡೆದ್ರೆ ನನ್ನ ದುಡ್ಡು ಯಾರು ಕೊಡ್ತೀರಿ?” ಏರಿ ಕೆಳಗೆ ಹಿಪ್ಪುನೇರಳೆ ಬೆಳೆದಿದ್ದ ಹುಡುಗ ಬಾಯಿ ಬಿಡದೆ ಡಬ್ಬವನ್ನೇ ನೋಡುತ್ತಿದ್ದ. ಕೊನೆಗೆ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು, “ಅಲ್ಲ ಕಣಪ್ಪಾ, ಏರಿ ಕೆಳಗಿನ ಬೋರಿನಾಗೆ ತಾನೇ ನಾವು ಕುಡಿಯೋ ನೀರು ಬರೋದು? ಕೆರೇಗೆ ಹಾಕಿದ್ದು ಅಲ್ಲಿಗೆ ಬರಾಕಿಲ್ವಾ?” ಎಂದು ಕೇಳಿದರು. ಅಷ್ಟು ಹೊತ್ತಿನ ಮಾತಿನಲ್ಲಿ ನನಗೆ ಸರಿಯೆನಿಸಿದ ಪ್ರಶ್ನೆ ಅದೊಂದೇ.

ಆ ದಿನ ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ನಿಮಗೂ ಹೇಳುತ್ತೇನೆ.

ಮೊದಲು ಈ ಗಿಡದ ಗುರುತು. ನಮ್ಮ ಜನ ಇದನ್ನು ಅಂತರಗಂಗೆ ಎನ್ನುತ್ತಾರೆ. ಹಿಂದಿನವರು ಅಂತರಗಂಗೆ ಎನ್ನುತ್ತಿದ್ದುದು ಬೇರೆ ಗಿಡವನ್ನು. ಕೋಸಿನ ಎಲೆಯ ಹಾಗೆ ಸುತ್ತ ಎಲೆ ಬಿಟ್ಟುಕೊಂಡು, ತೊಟ್ಟಿಲ್ಲದೆ ನೀರ ಮೇಲೆ ಕೂತಿರುತ್ತದಲ್ಲ, ಆ ಸಣ್ಣದು. ಈಗ ಕೆರೆಗಳನ್ನು ಮುಚ್ಚುತ್ತಿರುವುದಕ್ಕೆ ಬುರುಗಿನಂತೆ ಉಬ್ಬಿದ ತೊಟ್ಟು, ಹೊಳೆಯುವ ದುಂಡನೆ ಎಲೆ, ನೀಲಿ ನೇರಳೆ ಹೂಗೊಂಚಲು, ಕೆಳಗೆ ಕಪ್ಪು ಗಡ್ಡದಂತೆ ಇಳಿಬಿದ್ದ ಬೇರು. ಜಲಕುಂಭಿ ಎಂದೂ, ವಾಟರ್ ಹಯಸಿಂತ್ ಎಂದೂ ಇದಕ್ಕೆ ಹೆಸರು. ಹುಟ್ಟೂರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಸೀಮೆ. ಹೂವಿನ ಚೆಂದಕ್ಕೆ ಮರುಳಾದವರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂಗಾಳಕ್ಕೆ ತಂದರು. ಅಲ್ಲಿಂದ ಇಡೀ ದೇಶಕ್ಕೆ ಹಬ್ಬಿತು. ಹೆಸರಿಗಾಗಿ ನಾವು ಜಗಳ ಆಡುವುದು ಬೇಡ, ಜನರ ಬಾಯಲ್ಲಿರುವ ಅಂತರಗಂಗೆ ಎಂಬ ಮಾತನ್ನೇ ಇಟ್ಟುಕೊಳ್ಳೋಣ.

ಇದರ ಬೆಳವಣಿಗೆಯ ಲೆಕ್ಕ ಕೇಳಿ. ನೀರು ಬೆಚ್ಚಗಿದ್ದು ಆಹಾರ ಹೇರಳವಾಗಿ ಇದ್ದರೆ ಎರಡು ವಾರಕ್ಕೊಮ್ಮೆ ಗಿಡ ಇಮ್ಮಡಿಯಾಗುತ್ತದೆ. ಒಂದು ಗಿಡದ ಪಕ್ಕದಿಂದ ಬಳ್ಳಿ ಚಾಚಿ ಮರಿ, ಆ ಮರಿಗೆ ಇನ್ನೊಂದು ಮರಿ. ಯಾರೋ ಹೂವಿಗೆಂದು ತಂದು ಹತ್ತು ಗಿಡ ಬಿಟ್ಟರು ಎನ್ನಿ. ಹತ್ತು ಇಪ್ಪತ್ತಾಯಿತು, ಇಪ್ಪತ್ತು ನಲವತ್ತಾಯಿತು. ಹೀಗೆ ಹದಿನಾರು ಸಲ ಇಮ್ಮಡಿಸಿದರೆ 6,55,360 ಗಿಡ. ಎಂಟು ತಿಂಗಳೂ ಬೇಡ. ಅದು ಒಂದು ಎಕರೆ ನೀರನ್ನು ಮುಚ್ಚುವ ಲೆಕ್ಕ. ಮೊದಲ ಐದಾರು ತಿಂಗಳು ಯಾರ ಕಣ್ಣಿಗೂ ಬೀಳುವುದಿಲ್ಲ, ಆಮೇಲೆ “ರಾತ್ರೋರಾತ್ರಿ ಬಂತು ಸ್ವಾಮಿ” ಎನ್ನುತ್ತಾರೆ. ಆ ಊರಿನ ಮೂರು ಎಕರೆ ಹಾಗೇ ಬಿಟ್ಟಿದ್ದರೆ ಎರಡು ವಾರಕ್ಕೆ ಆರು, ಒಂದು ತಿಂಗಳಿಗೆ ಹನ್ನೆರಡು ಎಕರೆ ಆಗಬಹುದಿತ್ತು. ಆದ್ದರಿಂದ ಡಬ್ಬ ತಂದವರ ಆತುರ ನನಗೆ ತಪ್ಪೆಂದು ತೋರಲಿಲ್ಲ.

ಹಾಗಾದರೆ ಎಲ್ಲಾ ಕೆರೆಯಲ್ಲೂ ಹೀಗೇಕೆ ಬೆಳೆಯುವುದಿಲ್ಲ? ಪಕ್ಕದ ಊರಿನ ಕೆರೆಯಲ್ಲಿ ಇದೇ ಗಿಡ ಒಂದು ಮೂಲೆಯಲ್ಲಿ ಹಳದಿ ತಿರುಗಿ ಗಿಡ್ಡವಾಗಿ ಕೂತಿದೆ. ಇಲ್ಲಿ ಮೊಣಕಾಲೆತ್ತರ, ಕಡುಹಸಿರು. ರಾಗಿ ಪೈರಿನಲ್ಲಿ ಇಂಥ ವ್ಯತ್ಯಾಸ ಕಂಡರೆ ನೀವು ಏನನ್ನುತ್ತೀರಿ? ಈ ತಾಕಿಗೆ ಗೊಬ್ಬರ ಬಿದ್ದಿದೆ, ಆ ತಾಕಿಗೆ ಬಿದ್ದಿಲ್ಲ ಎನ್ನುತ್ತೀರಿ. ಇಲ್ಲೂ ಅಷ್ಟೆ. ಕೆರೆಗೆ ಗೊಬ್ಬರ ಬಿದ್ದಿದೆ.

ಎಷ್ಟು ಬಿದ್ದಿದೆ ಎಂದು ಆ ದಿನ ಕಟ್ಟೆಯ ಮೇಲೆ ಕೂತೇ ಲೆಕ್ಕ ಹಾಕಿದೆವು. ಒತ್ತಾಗಿ ಬೆಳೆದ ಒಂದು ಎಕರೆಯಲ್ಲಿ ನೂರು ಟನ್ನಿಗೆ ಸಮೀಪ ಹಸಿ ಗಿಡ ಇರುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಬರೀ ನೀರು. ಒಣಗಿಸಿದರೆ ಉಳಿಯುವುದು ಐದು ಟನ್ನು. ಆ ಒಣ ಸೊಪ್ಪಿನಲ್ಲಿ ನೂರಕ್ಕೆ ಎರಡು ಪಾಲು ಸಾರಜನಕ ಎಂದಿಟ್ಟರೂ ನೂರು ಕಿಲೋ ಸಾರಜನಕವಾಯಿತು. ನೂರು ಕಿಲೋ ಸಾರಜನಕ ಬೇಕಾದರೆ 45 ಕಿಲೋ ಮೂಟೆಯ ಯೂರಿಯಾ ಐದು ಮೂಟೆ ಬೇಕು. ಮೂರು ಎಕರೆಗೆ ಹದಿನೈದು ಮೂಟೆ! ಸೊಸೈಟಿ ಮುಂದೆ ಸಾಲು ನಿಂತು ತರುವ ಯೂರಿಯಾ ಹದಿನೈದು ಮೂಟೆ ಕೆರೆಯ ಮೇಲೆ ತೇಲುತ್ತಿದೆ ಎಂದಾಗ ಜನ ನಕ್ಕರು. ಆಮೇಲೆ ಸುಮ್ಮನಾದರು. ಇದಲ್ಲದೆ ರಂಜಕ, ಪೊಟ್ಯಾಷ್ ಬೇರೆ.

ಇದೆಲ್ಲ ಎಲ್ಲಿಂದ ಬಂತು? ನಾವು ಎದ್ದು ಹಿನ್ನೀರಿನ ಕಡೆಗೆ ನಡೆದೆವು. ಊರಿನ ಮೋರಿ ಹರಿದುಬಂದು ಕೆರೆಗೆ ಸೇರುವ ಜಾಗದಲ್ಲೇ ಕಳೆ ಎಲ್ಲಕ್ಕಿಂತ ದಟ್ಟ. ಹಿಂದೆ ಈ ಊರಿನಲ್ಲಿ ಬಚ್ಚಲ ನೀರು ಹಿತ್ತಲ ಬಾಳೆಗೆ ಹೋಗುತ್ತಿತ್ತು. ಕಾಂಕ್ರೀಟು ಚರಂಡಿ ಬಂದಮೇಲೆ ಸೋಪು, ಬಚ್ಚಲು, ದನ ತೊಳೆದದ್ದು ಎಲ್ಲಾ ನೆಟ್ಟಗೆ ಕೆರೆಗೆ. ಚರಂಡಿ ಕಟ್ಟಿದ್ದು ಒಳ್ಳೆಯದೇ, ಅದರ ಬಾಯಿ ಬಿಟ್ಟ ಜಾಗ ಸರಿಯಿಲ್ಲ. ಅದರ ಮೇಲೆ ಟೊಮೇಟೊ, ಕೋಸಿನ ತೋಟಗಳು. ಗಿಡಕ್ಕೆ ಹಾಕಿದ ಯೂರಿಯಾದಲ್ಲಿ ಅರ್ಧದಷ್ಟೂ ಗಿಡಕ್ಕೆ ದಕ್ಕದೆ ಹೋಗುವುದುಂಟು. ಉಳಿದದ್ದರಲ್ಲಿ ಒಂದು ಪಾಲು ಗಾಳಿಗೆ, ಒಂದು ಪಾಲು ಮಳೆನೀರಿನ ಜೊತೆ ತಗ್ಗಿಗೆ. ತಗ್ಗಿನಲ್ಲಿರುವುದು ಕೆರೆ.

ಕೋಲಾರದ ಕೇಳುಗರು ಇಲ್ಲಿ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. 2018ರಿಂದ ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಕೊಳವೆಯಲ್ಲಿ ಈ ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡವರು ಇದ್ದಾರೆ, ಅದನ್ನು ಅಲ್ಲಗಳೆಯಲಾಗದು. ಆದರೆ ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರಿನಲ್ಲಿ ಕೊಳೆ ಇಳಿದಿದ್ದರೂ ಸಾರಜನಕ, ರಂಜಕ ಪೂರಾ ಹೋಗಿರುವುದಿಲ್ಲ. ಅಂಥ ಕೆರೆಗೆ ಕಳೆಯ ಒಂದು ಗಿಡ ಬಿದ್ದರೂ ಹಬ್ಬ. ಆ ಕೆರೆಗಳವರು ಮಿಕ್ಕವರಿಗಿಂತ ಎರಡು ಪಾಲು ಎಚ್ಚರವಾಗಿರಬೇಕು, ಕೆರೆಯ ನೀರನ್ನು ನೇರವಾಗಿ ಕುಡಿಯಲಿಕ್ಕೆ ಬಳಸಲೇಬಾರದು.

ಈಗ ಹಾಸಿನ ಕೆಳಗೆ ಏನಾಗುತ್ತದೆ ನೋಡೋಣ. ಮೀನಿಗೂ ಉಸಿರು ಬೇಕಷ್ಟೆ. ಅದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕಿವಿರಿನಿಂದ ಹೀರಿಕೊಳ್ಳುತ್ತದೆ. ನಮ್ಮ ಸೀಮೆಯ ಬೆಚ್ಚನೆ ನೀರಿನಲ್ಲಿ ಒಂದು ಲೀಟರಿಗೆ ಸುಮಾರು ಎಂಟು ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಐದು ಇದ್ದರೆ ಮೀನು ನೆಮ್ಮದಿಯಾಗಿ ಬೆಳೆಯುತ್ತದೆ. ಮೂರಕ್ಕಿಂತ ಕೆಳಗೆ ಹೋದರೆ ಬಾಯಿ ಮೇಲೆತ್ತಿ ಗುಟುಕರಿಸುತ್ತದೆ. ನೀರಿಗೆ ಈ ಆಮ್ಲಜನಕ ಬರುವುದು ಗಾಳಿಯ ಅಲೆಯಿಂದ, ಮತ್ತು ನೀರೊಳಗಿನ ಪಾಚಿ, ಗಿಡಗಳು ಹಗಲು ಬಿಸಿಲಿನಲ್ಲಿ ಬಿಡುವುದರಿಂದ. ಅಂತರಗಂಗೆ ಹಾಸಿದ ಕಡೆ ಗಾಳಿಯೂ ತಾಕದು, ಬಿಸಿಲೂ ಇಳಿಯದು. ಕೆಳಗೆ ಉದುರಿದ ಎಲೆ ಬೇರು ಕೊಳೆಯುತ್ತಾ ಇದ್ದಷ್ಟನ್ನೂ ತಿಂದುಬಿಡುತ್ತದೆ. ಹೊಸದಾಗಿ ಹಾಸು ಎಳೆದು ನೋಡಿ, ಕೆಳಗಿನ ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ರಾತ್ರಿ ಹೊತ್ತು ಎಲ್ಲ ಜೀವಗಳೂ ಆಮ್ಲಜನಕ ತೆಗೆದುಕೊಳ್ಳುತ್ತವೆಯೇ ಹೊರತು ಕೊಡುವವರಿಲ್ಲ. ಆದ್ದರಿಂದ ಕೆರೆಯ ಆರೋಗ್ಯ ನೋಡಬೇಕಾದರೆ ಕೋಳಿ ಕೂಗುವ ಹೊತ್ತಿಗೆ ಏರಿಗೆ ಹೋಗಿ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಕೆರೆಗೆ ಉಸಿರು ಕಟ್ಟಿದೆಯೆಂದು ತಿಳಿಯಿರಿ.

ಸೊಳ್ಳೆಯ ಮಾತನ್ನೂ ಹೇಳಿಬಿಡುತ್ತೇನೆ. ಮ್ಯಾನ್ಸೋನಿಯ ಎಂಬ ಜಾತಿಯ ಸೊಳ್ಳೆಯ ಮರಿ ಇಂಥ ಗಿಡಗಳ ಬೇರಿಗೆ ಚುಚ್ಚಿಕೊಂಡೇ ಉಸಿರಾಡುತ್ತದೆ, ಮೇಲೆ ಬರುವುದೇ ಇಲ್ಲ. ಕೇರಳದ ಚೇರ್ತಲ ಸೀಮೆಯಲ್ಲಿ ಆನೆಕಾಲು ರೋಗ ಹರಡಿದ್ದು ಈ ಸೊಳ್ಳೆಯಿಂದಲೇ.

ಇನ್ನು ಡಬ್ಬದ ವಿಚಾರ. ಕಳೆನಾಶಕ ಹೊಡೆದರೆ ಗಿಡ ಸಾಯುವುದಿಲ್ಲವೆ? ಸಾಯುತ್ತದೆ. ಎರಡು ಮೂರು ವಾರದಲ್ಲಿ ಕಂದು ಬಣ್ಣಕ್ಕೆ ತಿರುಗಿ ಮುಳುಗುತ್ತದೆ. ನೋಡಿದವರು ಕೆರೆ ಶುದ್ಧವಾಯಿತು ಎನ್ನುತ್ತಾರೆ. ಆದರೆ ಎಲ್ಲಿಗೆ ಹೋಯಿತು? ಮುನ್ನೂರು ಟನ್ನು ಸೊಪ್ಪು ಕೆರೆಯ ತಳದಲ್ಲಿ ಕೊಳೆಯತೊಡಗುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲಾ ಹೀರುತ್ತದೆ. ಔಷಧಿಯ ವಿಷ ತಾಕದಿದ್ದರೂ ಮೀನು ಉಸಿರಿಲ್ಲದೆ ಸಾಯುತ್ತದೆ. ಆ ಹದಿನೈದು ಮೂಟೆ ಗೊಬ್ಬರವೂ ಎಲ್ಲೂ ಹೋಗಲಿಲ್ಲ. ಕೊಳೆತು ಕರಗಿ ಮತ್ತೆ ನೀರಿಗೇ ಸೇರಿತು. ಉಳಿದ ನಾಲ್ಕು ಗಿಡಕ್ಕೆ ಈಗ ಬಿಸಿಲೂ ಉಂಟು, ಜಾಗವೂ ಉಂಟು, ತಟ್ಟೆ ತುಂಬ ಊಟವೂ ಉಂಟು. ಅವು ಬರುವುದಕ್ಕೆ ತಡವಾದರೆ ಪಾಚಿ ಬರುತ್ತದೆ, ಅದರಲ್ಲೂ ಕೆಟ್ಟದಾದ ನೀಲಿಹಸಿರು ಪಾಚಿ.

ಗಾಳಿಯ ಮಾತೂ ಇದೆ. 2,4-ಡಿ ಜಾತಿಯ ಕಳೆನಾಶಕದ ತುಂತುರು ಗಾಳಿಗೆ ಹಾರಿ ಹತ್ತಿಯ ಮೇಲೆ, ಟೊಮೇಟೊ ಮೇಲೆ, ದ್ರಾಕ್ಷಿಯ ಮೇಲೆ ಬಿದ್ದರೆ ಎಲೆ ಮುರುಟಿಕೊಳ್ಳುತ್ತದೆ. ಹಿಪ್ಪುನೇರಳೆ ಸೊಪ್ಪಿಗೆ ಬಿದ್ದರೆ ಆ ಸೊಪ್ಪನ್ನು ಯಾವ ಧೈರ್ಯದಿಂದ ಹುಳಕ್ಕೆ ಹಾಕುವುದು? ಬಾಯಿ ಬಿಡದೆ ಕೂತಿದ್ದ ಆ ಹುಡುಗ ನಾಲ್ಕನೆಯ ಜ್ವರ ಮುಗಿಸಿದ ಹುಳ ಮನೆಯಲ್ಲಿಟ್ಟುಕೊಂಡಿದ್ದ. ಇನ್ನು ಎಂಟು ದಿನಕ್ಕೆ ಗೂಡು.

ಕಳೆನಾಶಕವನ್ನು ನೀರಿನ ಮೇಲೆ ಯಾರೂ ಎಲ್ಲೂ ಬಳಸುವುದಿಲ್ಲ ಎಂದು ನಾನು ಹೇಳುವುದಿಲ್ಲ. ದೊಡ್ಡ ಕಾಲುವೆಗಳಲ್ಲಿ, ತಿಳಿದವರ ಕಣ್ಗಾವಲಿನಲ್ಲಿ, ಒಂದು ಸಲಕ್ಕೆ ಸ್ವಲ್ಪ ಸ್ವಲ್ಪ ಭಾಗಕ್ಕೆ ಹೊಡೆಯುವುದುಂಟು. ಆದರೆ ಏರಿಯ ಕೆಳಗೆ ಕುಡಿಯುವ ನೀರಿನ ಬೋರು, ಒಳಗೆ ಮೀನು, ಪಕ್ಕದಲ್ಲಿ ರೇಷ್ಮೆ ಇರುವ ಹದಿನಾಲ್ಕು ಎಕರೆ ಕೆರೆಗೆ ನಾನು ಒಪ್ಪಲಾರೆ. ಅಂದೂ ಹಾಗೆಯೇ ಹೇಳಿದೆ.

“ಹಂಗಾದ್ರೆ ಕೈಲಿ ಕೀಳೋದಾ ಸ್ವಾಮಿ? ಮುನ್ನೂರು ಟನ್ನಾ?”

ಕೈಯಲ್ಲೇ. ಆದರೆ ಹೇಗೆ ಎಂಬುದಕ್ಕೆ ಮುಂಚೆ ನನ್ನದೇ ಒಂದು ಪೆದ್ದತನ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇರೆ ಕಡೆಯ ಒಂದು ಕೆರೆಯಲ್ಲಿ ಊರವರನ್ನೆಲ್ಲ ಸೇರಿಸಿ ಹತ್ತು ದಿನ ಕಳೆ ತೆಗೆಸಿದ್ದೆ. ಬಹಳ ಹೆಮ್ಮೆಯಿಂದ, ತೆಗೆದದ್ದನ್ನೆಲ್ಲ ಏರಿಯ ಒಳಮೈಗೆ, ನೀರಿನ ಅಂಚಿನಿಂದ ನಾಲ್ಕು ಮಾರು ಮೇಲೆ ಗುಡ್ಡೆ ಹಾಕಿಸಿದೆ. ಒಣಗುತ್ತದೆ, ಆಮೇಲೆ ಸಾಗಿಸೋಣ ಎಂದು. ಮೇಲಿನದು ಒಣಗಿತು. ಗುಡ್ಡೆಯ ಒಳಗಿನದು ತಂಪಾಗಿ ಜೀವ ಹಿಡಿದುಕೊಂಡಿತ್ತು. ಕೃತ್ತಿಕೆ ಮಳೆ ಒಂದೇ ರಾತ್ರಿ ಬಿದ್ದು ಕೆರೆ ಏರಿತು, ಗುಡ್ಡೆಯೆಲ್ಲಾ ತೇಲಿಕೊಂಡು ಮರಳಿ ನೀರಿಗೆ. ಆ ಊರವರು ಈಗಲೂ ಜಾತ್ರೆಯಲ್ಲಿ ಸಿಕ್ಕಿದರೆ, “ಏನ್ ಸಾರ್, ಕಳೆ ನಾಟಿ ಮಾಡ್ಸಿದ್ರಲ್ಲ” ಎಂದು ನಗುತ್ತಾರೆ. ಕಿತ್ತ ಕಳೆ ಅದೇ ವಾರ ಕೆರೆಯ ಅಂಗಳ ದಾಟಿ ಹೋಗಬೇಕು. ಏರಿಯ ಹೊರಮೈಗೆ, ಇಲ್ಲವೆ ತೋಟಕ್ಕೆ.

ಕೆಲಸಕ್ಕೆ ಹದ ಬೇಸಗೆ, ನೀರು ತಗ್ಗಿದಾಗ. ಮೊದಲು ಕಳೆ ಹರಡದ ಹಾಗೆ ಕಟ್ಟಿ ಹಾಕಬೇಕು. ಉದ್ದನೆ ಬಿದಿರು ಗಳಗಳನ್ನು ತುದಿಗೆ ತುದಿ ಕಟ್ಟಿ, ಎರಡು ಮಾರಿಗೊಂದು ಖಾಲಿ ಪ್ಲಾಸ್ಟಿಕ್ ಕ್ಯಾನು ಬಿಗಿದು ಕೆರೆಯ ಅಡ್ಡಕ್ಕೆ ತೇಲಬಿಡಿ. ಎರಡು ತುದಿಯನ್ನೂ ದಡದ ಗೂಟಕ್ಕೆ ಕಟ್ಟಿ. ತೂಬಿನ ಸುತ್ತಲೂ ಇಂಥದ್ದೇ ಒಂದು ಬೇಲಿ. ಆಮೇಲೆ ಹಾಸಿನ ಒಂದು ತುಂಡನ್ನು ಸುತ್ತುವರಿದು ಹಗ್ಗ ಬಳಸಿ, ದಡದಿಂದ ಎಂಟು ಹತ್ತು ಜನ ಎಳೆದರೆ ಚಾಪೆ ಸುತ್ತಿದ ಹಾಗೆ ಬರುತ್ತದೆ. ಮೀನಿನ ಗುತ್ತಿಗೆಯವನ ಹರಿಗೋಲು ಇದ್ದರೆ ಹಗ್ಗ ಸುತ್ತಿಸಲು ಅನುಕೂಲ. ದಡಕ್ಕೆ ಬಂದದ್ದನ್ನು ಕೊಕ್ಕೆ ದೋಟಿಯಿಂದ ಮೇಲೆ ಎಳೆದು ಎರಡು ದಿನ ತೆಳ್ಳಗೆ ಹರಡಿ. ನೀರು ಸೋರಿ ಭಾರ ಬಹಳ ಇಳಿಯುತ್ತದೆ, ಟ್ರ್ಯಾಕ್ಟರಿನವನೂ ಗೊಣಗುವುದಿಲ್ಲ. ಹೂ ಬಿಡುವುದಕ್ಕೆ ಮೊದಲೇ ತೆಗೆಯುವುದು ಮೇಲು.

ಬೇಸಗೆಯಲ್ಲಿ ಉಳಿದದ್ದಕ್ಕೆ ಆಷಾಢದ ಗಾಳಿ ಒಳ್ಳೆಯ ಕೂಲಿಯಾಳು. ಪಡುವಣ ಗಾಳಿ ಬೀಸುವಾಗ ತೇಲುವ ಕಳೆಯೆಲ್ಲ ಮೂಡಣ ದಡಕ್ಕೆ ಬಂದು ಒತ್ತುತ್ತದೆ. ಆಗ ಅಲ್ಲಿ ನಿಂತು ಬಾಚಿಕೊಂಡರಾಯಿತು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹಾಸಿನ ಕೆಳಗೆ ಆಳ ಕಾಣಿಸದು. ಹಿಂದೆ ಮಣ್ಣು ತೆಗೆದ ಗುಂಡಿಗಳು ಅಲ್ಲೇ ಇರುತ್ತವೆ. ಈಜು ಬರುವವರು ಕೂಡ ಬೇರಿಗೆ ಕಾಲು ಸಿಕ್ಕಿ ಮುಳುಗಿಯಾರು. ಒಬ್ಬೊಬ್ಬರೇ ಇಳಿಯಬೇಡಿ, ಮಕ್ಕಳನ್ನು ಇಳಿಸಲೇಬೇಡಿ, ಇಳಿದವರ ಸೊಂಟಕ್ಕೆ ಹಗ್ಗ ಇರಲಿ. ಹಾವೂ ಇರುತ್ತದೆ.

ತೆಗೆದ ಸೊಪ್ಪನ್ನು ಏನು ಮಾಡುವುದು? ಅದು ನಿಮ್ಮ ಊರಿನಿಂದಲೇ ಹರಿದುಹೋದ ಗೊಬ್ಬರವಷ್ಟೆ, ವಾಪಸು ತಂದುಕೊಳ್ಳಿ. ಮೂರು ನಾಲ್ಕು ದಿನ ಬಾಡಿಸಿ, ತುಂಡು ಮಾಡಿ, ಒಂದಡಿ ಸೊಪ್ಪಿಗೆ ನಾಲ್ಕು ಬೆರಳು ಸಗಣಿ, ಮೇಲೊಂದು ಹಿಡಿ ಬೂದಿ, ಒಣ ಎಲೆ. ಹೀಗೆ ಪದರ ಪದರವಾಗಿ ಒಟ್ಟಿ, ತಿಂಗಳಿಗೊಮ್ಮೆ ಮಗುಚಿದರೆ ಮೂರು ತಿಂಗಳಲ್ಲಿ ಗೊಬ್ಬರ. ಬಾಡಿಸದೆ ಹಾಕಬೇಡಿ, ನೀರು ಹೆಚ್ಚಾಗಿ ರಾಶಿ ನಾರುತ್ತದೆ. ತೆಂಗಿನ ಪಾತಿಗೆ ಹಾಗೆಯೇ ಮುಚ್ಚಿಗೆ ಹಾಸಿದರೂ ಸರಿ. ದನಕ್ಕೆ ಹಾಕಬಹುದೇ ಎಂದು ಅನೇಕರು ಕೇಳುತ್ತಾರೆ. ಹಸಿದ ದನ ತಿನ್ನುತ್ತದೆ, ನಿಜ; ಅದರಲ್ಲಿ ನೀರೇ ಹೆಚ್ಚು, ಹೊಟ್ಟೆ ತುಂಬಿದಂತಾಗಿ ಕಸುವು ಬಾರದು, ಭೇದಿಯೂ ಆಗುತ್ತದೆ. ಕಾರ್ಖಾನೆಯ ನೀರು ಸೇರುವ ಕೆರೆಯದಾದರೆ ಮುಟ್ಟಿಸಲೇಬೇಡಿ. ಈ ಗಿಡದ ಬೇರು ಸೀಸ, ಕ್ರೋಮಿಯಂ ಮುಂತಾದ ಲೋಹಗಳನ್ನು ಹೀರಿ ಇಟ್ಟುಕೊಳ್ಳುತ್ತದೆ. ಅಂಥ ಸೊಪ್ಪಿನ ಗೊಬ್ಬರ ತರಕಾರಿಗೂ ಬೇಡ.

ಕಳೆಯನ್ನು ತಿನ್ನುವ ಹುಳವೂ ಇದೆ. ಇದು ನಮ್ಮ ಬೆಂಗಳೂರಿನದೇ ಕತೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1982ರಲ್ಲಿ ಅಂತರಗಂಗೆಯ ಹುಟ್ಟೂರಿನ ಮೂತಿ ಹುಳುಗಳನ್ನು ತರಿಸಿ, ಬೇರೆ ಬೆಳೆ ತಿನ್ನುವುದಿಲ್ಲವೆಂದು ಪರೀಕ್ಷೆ ಮಾಡಿ, ಬೆಂಗಳೂರಿನ ಸುತ್ತಿನ ಕೆರೆಗಳಿಗೆ ಬಿಟ್ಟರು. ಅಕ್ಕಿಕಾಳಿಗಿಂತ ಸ್ವಲ್ಪ ಚಿಕ್ಕ, ಬೂದು ಕಂದು ಬಣ್ಣದ ಹುಳು. ರಾತ್ರಿ ಎಲೆಯನ್ನು ಕೆರೆದು ತಿನ್ನುತ್ತದೆ, ಅದರ ಮರಿ ತೊಟ್ಟಿನೊಳಗೆ ಕೊರೆದು ಗಿಡದ ಬುಡಕ್ಕೆ ಇಳಿಯುತ್ತದೆ. ಸುಮಾರು ಮೂರು ವರ್ಷದಲ್ಲಿ ಕೆಲವು ಕೆರೆಗಳ ಹಾಸು ಕರಗಿತು. ಅದೇ ವರ್ಷ ಆಸ್ಟ್ರೇಲಿಯದಿಂದ ತಂದ ಇನ್ನೊಂದು ಹುಳು, ಕೇರಳದ ಗದ್ದೆ ಕಾಲುವೆಗಳನ್ನು ಮುಚ್ಚಿದ್ದ ಸಾಲ್ವೀನಿಯ ಎಂಬ ಕಳೆಯನ್ನು ಅಡಗಿಸಿತು. ನಿಮ್ಮ ಕೆರೆಯ ಎಲೆಗಳ ಮೇಲೆ ಸಾಸಿವೆಯಷ್ಟಗಲದ ಕಂದು ಚುಕ್ಕೆಗಳು ಒತ್ತಾಗಿ ಕಂಡರೆ ಹುಳು ಆಗಲೇ ಬಂದಿದೆ ಎಂದು ತಿಳಿಯಬಹುದು. ಬೇಕಾದವರು ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ವಿಚಾರಿಸಬಹುದು. ಆದರೆ ಹುಳುವಿಗೆ ವರ್ಷಗಳು ಬೇಕು. ಮೋರಿಯ ನೀರು ಧಾರಾಳವಾಗಿ ಬೀಳುವ ಕೆರೆಯಲ್ಲಿ ಹುಳು ತಿಂದದ್ದಕ್ಕಿಂತ ಗಿಡ ಚಿಗುರುವುದೇ ಹೆಚ್ಚು. ಹುಳು ಇರುವ ಕೆರೆಗೆ ಔಷಧಿ ಹೊಡೆದರೆ ಅದರ ಮನೆಯನ್ನೂ ಊಟವನ್ನೂ ಒಟ್ಟಿಗೆ ಕಳೆದಂತೆ. ಹುಲ್ಲುಗೆಂಡೆ ಮೀನು ಬಿಟ್ಟರೆ ಹೇಗೆ ಎನ್ನುವವರಿಗೆ: ಅದು ನೀರೊಳಗೆ ಬೆಳೆಯುವ ಹುಲ್ಲು ತಿನ್ನುತ್ತದೆ, ಅಂತರಗಂಗೆಯನ್ನು ಅಡಗಿಸಲಾರದು.

ಮೂಲವಿರುವುದು ಮೋರಿಯ ಬಾಯಲ್ಲಿ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಸುದ್ದಿ ನೀವು ಕೇಳಿದ್ದೀರಿ. ನಗರದ ಕೊಳಚೆ ಸೇರಿ ಸೇರಿ 2015ರ ಮೇ ತಿಂಗಳಲ್ಲಿ ಆ ಕೆರೆಯ ನೊರೆಗೇ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಮತ್ತೆ ಹತ್ತಿದಾಗ ಆರಿಸಲು ಸೈನಿಕರು ಬರಬೇಕಾಯಿತು. ನಮ್ಮದು ಅಷ್ಟು ದೂರ ಹೋಗಿಲ್ಲ, ಇನ್ನೂ ಕೈಯಲ್ಲಿದೆ. ಮನೆ ಮನೆಗೆ ಬಚ್ಚಲ ಇಂಗುಗುಂಡಿ, ಬಾಳೆಗೋ ಕೆಸುವಿಗೋ ನೀರು. ದನ ತೊಳೆಯಲು, ಬಟ್ಟೆ ಒಗೆಯಲು ಕೆರೆಯ ಒಳಗಲ್ಲದೆ ಹೊರಗೊಂದು ಕಲ್ಲುಹಾಸು. ಮೋರಿ ಕೆರೆಗೆ ಸೇರುವ ಮುಂಚೆ ಎರಡು ಅಗಲವಾದ ಗುಂಡಿ: ಮೊದಲನೆಯದರಲ್ಲಿ ಹೊಲಸು ತಳಕ್ಕೆ ಕೂರಲಿ, ಎರಡನೆಯದರಲ್ಲಿ ಜೊಂಡು ಬೆಳೆಸಿ. ಜೊಂಡು ನೀರಿನ ಸಾರವನ್ನು ಹೀರುತ್ತದೆ, ವರ್ಷಕ್ಕೆರಡು ಸಲ ಕೊಯ್ದು ಹೊರಗೆ ಹಾಕುತ್ತಿರಬೇಕು. ಕೊಯ್ಯದಿದ್ದರೆ ಅದೇ ಕೊಳೆತು ಹೀರಿದ್ದನ್ನು ವಾಪಸು ಕೊಡುತ್ತದೆ.

ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಕೆರೆಯ ನೀರು ಏರಿ ಕೆಳಗಿನ ಬೋರಿಗೆ ಬರುತ್ತದೆಯೆ? ಬರುತ್ತದೆ. ಮಣ್ಣು ಸೋಸಿ ಕೊಡುತ್ತದೆ, ಆದರೆ ಎಲ್ಲವನ್ನೂ ಅಲ್ಲ. ಕಸರು, ಬಣ್ಣ ನಿಲ್ಲುತ್ತದೆ. ನೈಟ್ರೇಟ್ ಎಂಬ ಉಪ್ಪು ಸಕ್ಕರೆ ಕರಗಿದ ಹಾಗೆ ನೀರಿನ ಜೊತೆಯೇ ಇಳಿದುಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗದು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ಆರು ತಿಂಗಳೊಳಗಿನ ಕೂಸಿಗೆ ಅಂಥ ನೀರಿನಲ್ಲಿ ಹಾಲು ಕಲಸಿ ಕುಡಿಸಿದರೆ ರಕ್ತ ಉಸಿರು ಹೊರಲಾರದೆ ಮೈ ನೀಲಿಗಟ್ಟಬಹುದು. ಪರೀಕ್ಷೆ ಕಷ್ಟವಲ್ಲ. ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಪೆಟ್ಟಿಗೆ ಕೊಟ್ಟಿದ್ದಾರೆ, ಊರಿನ ಹೆಣ್ಣುಮಕ್ಕಳಿಗೇ ಅದನ್ನು ಬಳಸಲು ಕಲಿಸಿದ್ದಾರೆ. ಹೊಲಸಿನ ಸೂಕ್ಷ್ಮಜೀವಿ ಇದೆಯೇ ಎಂದು ನೋಡಲು ಪುಟ್ಟ ಸೀಸೆಯೂ ಉಂಟು. ನೀರು ತುಂಬಿ ಬೆಚ್ಚಗೆ ಇಟ್ಟರೆ ಒಂದೆರಡು ದಿನದಲ್ಲಿ ಕಪ್ಪಗಾದರೆ ಆ ನೀರನ್ನು ಹಾಗೆಯೇ ಕುಡಿಯಬಾರದು. ಆ ಊರಿನಲ್ಲಿ ಪೆಟ್ಟಿಗೆ ಪಂಚಾಯಿತಿಯ ಬೀರುವಿನಲ್ಲಿ ಬಿಚ್ಚದೆ ಇತ್ತು. ಅಂದು ಸಂಜೆಯೇ ಬಿಚ್ಚಿಸಿದೆವು. ನೈಟ್ರೇಟ್ ಮಿತಿಯೊಳಗಿತ್ತು, ಸೀಸೆ ಮಾತ್ರ ಮಾರನೆಯ ದಿನ ಕಪ್ಪಾಯಿತು. ಅಂದಿನಿಂದ ಟ್ಯಾಂಕಿಗೆ ಕ್ಲೋರಿನ್ ಹಾಕುತ್ತಿದ್ದಾರೆ, ಕೂಸಿರುವ ಮನೆಯವರು ಕುದಿಸಿ ಆರಿಸಿ ಬಳಸುತ್ತಿದ್ದಾರೆ.

ನೀಲಿಹಸಿರು ಪಾಚಿಯ ಗುರುತನ್ನೂ ಹೇಳಿಬಿಡುತ್ತೇನೆ. ನೀರ ಮೇಲೆ ಹಸಿರು ಬಣ್ಣದ ಡಬ್ಬ ಚೆಲ್ಲಿದಂತೆ ಕಾಣುತ್ತದೆ. ಕಡ್ಡಿ ಹಾಕಿ ಎತ್ತಿ: ದಾರದಂತೆ ಎಳೆ ಎಳೆಯಾಗಿ ಬಂದರೆ ಸಾಮಾನ್ಯ ಪಾಚಿ, ಬಣ್ಣ ಅದ್ದಿದಂತೆ ಕಡ್ಡಿಗೆ ಬಳಿದುಕೊಂಡರೆ ಇದು. ಇಂಥ ಕೆನೆ ತೇಲುವ ಜಾಗದಲ್ಲಿ ದನಕ್ಕೆ ನೀರು ಕುಡಿಸಬೇಡಿ. ಅದರ ವಿಷ ಕರುಳು, ಈಲಿ, ನರಕ್ಕೆ ತಾಕಿ ದನ ಸತ್ತದ್ದುಂಟು. ಕುದಿಸುವುದರಿಂದಲೂ ಆ ವಿಷ ಇಳಿಯದು.

ಆ ಊರಿನವರು ಕೆಲಸ ಹಂಚಿಕೊಂಡ ಬಗೆ ನನಗೆ ಹಿಡಿಸಿತು. ಅಚ್ಚುಕಟ್ಟಿನವರು ಮನೆಗೊಂದಾಳು, ಮೀನಿನವನದು ಹರಿಗೋಲು ಹಗ್ಗ, ತೋಟದವರದು ಟ್ರ್ಯಾಕ್ಟರು; ಸೊಪ್ಪು ಹೊತ್ತವರಿಗೇ ಸೊಪ್ಪು. ಮೂರು ವಾರ ಹಿಡಿಯಿತು. ಡಬ್ಬವನ್ನು ಅಂಗಡಿಯವನು ಸೀಲು ಒಡೆಯದ್ದರಿಂದ ವಾಪಸು ತೆಗೆದುಕೊಂಡ. ರೇಷ್ಮೆ ಹುಡುಗನ ಗೂಡು ಅಷ್ಟರಲ್ಲಿ ಮಾರುಕಟ್ಟೆಗೆ ಹೋಗಿಯಾಗಿತ್ತು.

ಆದರೆ ತಳದ ಹೂಳಿನಲ್ಲಿ ಬೀಜ ಉಂಟು. ಅದು ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದಿರಬಲ್ಲದು. ಕೆರೆ ಒಣಗಿ ಮತ್ತೆ ನೀರು ತುಂಬುವಾಗ ಅಂಚಿನಲ್ಲಿ ಮೊಳೆಯುತ್ತದೆ. ಅದಕ್ಕಾಗಿ ನೀರುಗಂಟಿ ಈಗ ಹದಿನೈದು ದಿನಕ್ಕೊಮ್ಮೆ ಕೆರೆ ಸುತ್ತಿ ಕಂಡ ಗಿಡ ಕಂಡಲ್ಲೇ ಎತ್ತುತ್ತಾನೆ; ಮಂಕರಿಗಿಂತ ಹೆಚ್ಚು ಸಿಕ್ಕಿದ ದಿನ ಊರವರನ್ನು ಕರೆಯಬೇಕೆಂದು ಮಾತು. ಮೋರಿಯ ಬಾಯಿಯ ಗುಂಡಿಗಳು ಮಾತ್ರ ಇನ್ನೂ ಆಗಿಲ್ಲ. ಗುಂಡಿಗೆ ಬೇಕಾದ ಎಂಟು ಗುಂಟೆ ಜಾಗ ಇಬ್ಬರು ಅಣ್ಣತಮ್ಮಂದಿರ ಒತ್ತುವರಿಯಲ್ಲಿದೆ, ಅಳತೆಗೆ ಅರ್ಜಿ ಕೊಟ್ಟಿದ್ದಾರೆ. ಹೋದ ತಿಂಗಳು ನಾನು ಹೋದಾಗ ಆ ಮೂಲೆಯಲ್ಲಿ ಕಾಲು ಎಕರೆಯಷ್ಟು ಹಸಿರು ಮತ್ತೆ ಕೂತಿತ್ತು. ಬಿದಿರಿನ ಬೇಲಿ ಅದನ್ನು ದಾಟಗೊಟ್ಟಿರಲಿಲ್ಲ.